ಅಳಿಸಿದ ಮೇಲೂ ಉಳಿದ ಪುಟ

ಅಶ್ಮಿತಾಳ ನಿಶ್ಚಿತಾರ್ಥ ಮುಗಿದ ಮರುದಿನವೇ ಅವಳ ಅಪ್ಪ ವಾಸು, ಸಂಘದ ಮುರಾರಿಯವರಿಗೆ ಫೋನ್ ಮಾಡಿ, "ವೆಬ್‌ಸೈಟಿನಿಂದ ಮಗಳ ವಿವರ ತೆಗೆದುಬಿಡಿ, ಒಳ್ಳೆಯ ಕಡೆ ಕೂಡಿ ಬಂತು" ಎಂದು ಹೇಳಿದ್ದರು. ಮುರಾರಿ ಬ್ಯಾಂಕಿನಿಂದ ನಿವೃತ್ತರಾದವರು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನೆಲೆಸಿದ್ದ ಕರಾವಳಿಯವರ ಸಂಘಕ್ಕೆ ಒಂದು ವಧು-ವರರ ವೆಬ್‌ಸೈಟ್ ಮಾಡಿಸಿ, ಅದನ್ನು ತಾವೇ ನೋಡಿಕೊಳ್ಳುತ್ತಿದ್ದರು. ಫೋನ್ ಇಟ್ಟವರೇ ಆ ವಿವರವನ್ನು ತೆಗೆದರು.

ಇದು ಎರಡು ಸಾವಿರದ ಒಂಬತ್ತರ ಮಾತು. ವಾಸು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಮ್ಯಾನೇಜರ್. ಅಶ್ಮಿತಾ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹುಡುಗ ಮನೀಷ್, ಮಹಾಪೆಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದವನು. ಮನೆ ಥಾಣೆಯ ಘೋಡಬಂದರ್ ರಸ್ತೆಯ ಹೊಸ ಕಾಂಪ್ಲೆಕ್ಸ್‌ನಲ್ಲಿ. ತಂದೆ ಇಲ್ಲ, ತಾಯಿ ಜಯಲತಾ ಒಬ್ಬರೇ ಅವನನ್ನು ಬೆಳೆಸಿದ್ದರು. ಮದುವೆ ಮೇ ತಿಂಗಳಿಗೆ ಎಂದು ನಿಶ್ಚಯವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಜಯಲತಾ ವಾಸುವಿಗೆ ಫೋನ್ ಮಾಡಿದರು.

"ನಿಮ್ಮ ಮಗಳಿಗೆ ಇನ್ನೂ ಗಂಡು ಹುಡುಕ್ತಾ ಇದ್ದೀರಲ್ಲ, ನಮ್ಮ ಹತ್ತಿರ ಒಂದು ಮಾತು ಹೇಳಬಹುದಿತ್ತು."

ವಾಸುವಿಗೆ ಏನೂ ತಿಳಿಯಲಿಲ್ಲ. ಮನೆಯಲ್ಲಿ ಯಾರಿಗೂ ಹೇಳದೆ ಥಾಣೆಗೆ ಹೋದರು. ಜಯಲತಾ ಹಾಲಿನ ಮೂಲೆಯಲ್ಲಿದ್ದ ಕಂಪ್ಯೂಟರ್ ಹಾಕಿ ತೋರಿಸಿದರು. ಹಸಿರು ಸೀರೆಯಲ್ಲಿ ಅಶ್ಮಿತಾಳ ಫೋಟೋ, ಕೆಳಗೆ ವಿದ್ಯೆ, ನಕ್ಷತ್ರ, ಕೆಲಸ, ಕೊನೆಗೆ "ಸೂಕ್ತ ವರ ಬೇಕಾಗಿದೆ". ಕಂಪ್ಯೂಟರ್ ಎಂದರೆ ಗೊತ್ತಿಲ್ಲದ ವಾಸು, ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನುವುದು ಹೇಗೆ ಎಂದುಕೊಂಡರು. ಎದ್ದು ನಿಂತು ಕೈಮುಗಿದರು. "ಎಲ್ಲಿ ತಪ್ಪಿತೋ ಗೊತ್ತಿಲ್ಲಮ್ಮ. ನಮ್ಮ ಕಡೆಯಿಂದ ಆದದ್ದಾದರೆ ಕ್ಷಮಿಸಬೇಕು."

ಮನೆಗೆ ಬಂದವರು ಮಗಳನ್ನು ಎದುರಿಗೆ ಕೂರಿಸಿಕೊಂಡರು.

"ಸಂಘದ ಸೈಟಿನಲ್ಲಿ ನಿನ್ನ ವಿವರ ಇನ್ನೂ ಇದೆ, ಜಯಲತಾ ತಮ್ಮ ಕಂಪ್ಯೂಟರಿನಲ್ಲಿ ತೋರಿಸಿದರು. ನಾನು ತೆಗೆಸಿದ್ದೆ. ನೀನೇ ಮತ್ತೆ ಹಾಕಿಸಿದೆಯಾ?"

"ಎಂತ ಹೇಳ್ತಿದ್ದೀರಿ ಅಪ್ಪ?"

"ಮನೀಷ್ ಬೇಡ ಅಂತಿದ್ದರೆ ಈಗಲೇ ಹೇಳು. ಬೇರೆ ಯಾರಾದರೂ ಇದ್ದರೆ ಅದನ್ನೂ ಹೇಳು."

ಅಪ್ಪ ಇಂಥ ಪ್ರಶ್ನೆಯನ್ನು ಎಂದೂ ಕೇಳಿದವರಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೂಡ ಮಗಳ ಬಾಯಿಯನ್ನೇ ನೋಡುತ್ತಿದ್ದಳು. ಅಶ್ಮಿತಾ ಮನೀಷನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಸೇಜ್ ಬಂತು: ಮಮ್ಮಿ ಬಹಳ ಅಪ್‌ಸೆಟ್ ಆಗಿದ್ದಾಳೆ, ಸ್ವಲ್ಪ ದಿನ ಹಾಗೇ ಬಿಡುವ.

ಅಳುತ್ತ ಕೂರುವುದು ಅವಳ ಸ್ವಭಾವವಲ್ಲ. ಫಡ್ಕೆ ರೋಡಿನ ಸೈಬರ್ ಕೆಫೆಗೆ ಹೋಗಿ ಸಂಘದ ವೆಬ್‌ಸೈಟ್ ತೆರೆದಳು. ತನ್ನ ನೋಂದಣಿ ನಂಬರ್ ಹಾಕಿದಳು. "ಈ ವಿವರವನ್ನು ತೆಗೆಯಲಾಗಿದೆ" ಎಂದು ಬಂತು. ಇನ್ನೊಮ್ಮೆ ಹಾಕಿದಳು. ಅದೇ ಬಂತು. ಜಯಲತಾರ ಮನೆಯಲ್ಲಿ ಕಾಣುವ ಪುಟ ಇಲ್ಲಿ ಯಾಕಿಲ್ಲ? ಅಲ್ಲಿಂದ ನೇರ ಮುರಾರಿಯವರ ಮನೆಗೆ ನಡೆದಳು.

ಮುರಾರಿ ಎಲ್ಲ ಕೇಳಿ ತಲೆಗೆ ಕೈ ಇಟ್ಟುಕೊಂಡರು.

"ಅದು ಹಳೆಯ ಪುಟ ಮಗಾ. ಒಮ್ಮೆ ನೋಡಿದ ಪುಟವನ್ನು ಬ್ರೌಸರ್ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಬೇಗ ತೋರಿಸಲಿಕ್ಕೆ. ಜಯಲತಾ ಹೆಣ್ಣು ಹುಡುಕುವಾಗ ನಿನ್ನ ಪುಟವನ್ನು ಬಹಳ ಸಲ ನೋಡಿರಬೇಕು. ಈಗ ತೆರೆದರೆ ಅದು ನಮ್ಮ ಸೈಟಿಗೆ ಬಂದು ಕೇಳುವುದೇ ಇಲ್ಲ, ತನ್ನ ಹತ್ತಿರ ಇದ್ದದ್ದನ್ನೇ ತೋರಿಸುತ್ತದೆ. ಇಟ್ಟುಕೊಳ್ಳಬೇಡ, ಪ್ರತಿ ಸಲ ಬಂದು ಕೇಳು ಅಂತ ಪುಟದ ಜೊತೆ ಸೂಚನೆ ಕಳಿಸಬೇಕು. ಸೈಟ್ ಮಾಡಿದವನು ಹೇಳಿದ್ದ. ನಾನು ಆಮೇಲೆ ನೋಡುವ ಅಂದಿದ್ದೆ."

ಅಶ್ಮಿತಾಳಿಗೆ ಇದನ್ನು ಎಲ್ಲೋ ಕೇಳಿದ ಹಾಗಾಯಿತು. ಥಾಣೆಯ ತಲಾವ್ ಪಾಳಿಯ ಕೆರೆದಂಡೆಯಲ್ಲಿ ನಡೆಯುವಾಗ ಮನೀಷ್ ಹೇಳಿದ್ದು ಇದನ್ನೇ. ಅವನ ಕಂಪನಿ ಒಂದು ವಿಮಾ ಕಂಪನಿಯ ಸೈಟ್ ಮಾಡುತ್ತಿತ್ತು. ಗ್ರಾಹಕರಿಗೆ ಹಳೆಯ ದರದ ಪುಟ ಕಾಣಬಾರದು, ಲಾಗೌಟ್ ಆದ ಮೇಲೆ ಬ್ಯಾಕ್ ಒತ್ತಿದರೆ ಇನ್ನೊಬ್ಬರ ಪುಟ ಬರಬಾರದು, ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ ಎಂದು ಹೆಮ್ಮೆಯಿಂದ ವಿವರಿಸಿದ್ದ.

ಅವಳಿಗೆ ಎದೆ ಹಗುರಾಯಿತು. ಹಾಗಾದರೆ ಮನೀಷ್ ಆ ಪುಟವನ್ನು ನೋಡಿಯೇ ಇಲ್ಲ. ನೋಡಿದ್ದರೆ ತಾಯಿಗೆ ಒಂದೇ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದ. ಪಾಪ, ತಾಯಿಯ ಮಾತು ಕೇಳಿ ಅವನೂ ನೊಂದಿರಬೇಕು ಎಂದುಕೊಂಡಳು.

ಮುಂದಿನ ಶನಿವಾರ ವಾಸು, ಅಶ್ಮಿತಾ, ಮುರಾರಿ ಮೂವರೂ ಘೋಡಬಂದರ್ ರಸ್ತೆಗೆ ಹೋದರು. ಜಯಲತಾ ಬಾಗಿಲು ತೆರೆದರು, ಕೂತುಕೊಳ್ಳಿ ಎಂದಷ್ಟೇ ಹೇಳಿದರು. ಮನೀಷನ ಚಪ್ಪಲಿ ಬಾಗಿಲಲ್ಲೇ ಇತ್ತು.

"ಒಮ್ಮೆ ಕಂಪ್ಯೂಟರ್ ಹಾಕಿ ಜಯಲತಾ," ಎಂದರು ಮುರಾರಿ.

ಪುಟ ತೆರೆದುಕೊಂಡಿತು. ಹಸಿರು ಸೀರೆ, ಸೂಕ್ತ ವರ ಬೇಕಾಗಿದೆ. ಮುರಾರಿ ಬಗ್ಗಿ ಕಂಟ್ರೋಲ್ ಮತ್ತು ಎಫ್ ಐದು ಒಟ್ಟಿಗೆ ಒತ್ತಿದರು. ತೆರೆ ಒಂದು ಕ್ಷಣ ಬಿಳಿಯಾಯಿತು. ಫೋಟೋ ಹೋಯಿತು. ವಿವರವನ್ನು ತೆಗೆಯಲಾಗಿದೆ ಎಂಬ ಸಾಲು ಬಂತು.

"ಇದು ಮೊದಲೇ ತೆಗೆದದ್ದು. ನಿಮ್ಮ ಕಂಪ್ಯೂಟರ್ ಹಳೆಯದನ್ನು ಇಟ್ಟುಕೊಂಡಿತ್ತು. ನನ್ನ ಸೈಟಿನದ್ದೂ ತಪ್ಪುಂಟು. ಹುಡುಗಿಯದ್ದು ಇಲ್ಲ."

ಜಯಲತಾ ತೆರೆಯನ್ನೇ ನೋಡುತ್ತ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಆದರೆ ನಾನು ಮನೀಷನನ್ನು ಕೇಳಿದ್ದೆ. ಇದು ಹಳೆಯದಿರಬಹುದಾ ನೋಡು ಅಂತ ನಾನೇ ಕೇಳಿದ್ದೆ. ಇಲ್ಲ ಮಮ್ಮಿ, ಇವತ್ತಿನದೇ ಅಂದ."

ಅಶ್ಮಿತಾ ತಪ್ಪಾಗಿ ಕೇಳಿಸಿತೇನೋ ಎಂದು ಜಯಲತಾರ ಮುಖ ನೋಡಿದಳು. ಅವರು ಒಳಗಿನ ರೂಮಿನ ಕಡೆ ತಿರುಗಿ ಮಗನನ್ನು ಕರೆದರು.

ಮನೀಷ್ ಹೊರಗೆ ಬಂದ. ಕಂಪ್ಯೂಟರ್ ಕಡೆ ಒಮ್ಮೆ ನೋಡಿದ, ಆಮೇಲೆ ನೆಲ ನೋಡಿದ.

"ನಿನಗೆ ಗೊತ್ತಿತ್ತಾ?" ಅಶ್ಮಿತಾ ಕೇಳಿದಳು.

"ದೇಖೋ ಅಶ್ಮಿತಾ, ನನಗೆ ಮದುವೆಗೆ ಈಗ ಮನಸ್ಸಿರಲಿಲ್ಲ. ನಾನೇ ಬೇಡ ಅಂದರೆ ಮಮ್ಮಿ ಕಾರಣ ಕೇಳುತ್ತಿದ್ದಳು. ಇದು ತಾನಾಗಿ ಬಂತು. ನಾನು ಏನೂ ಮಾಡಲಿಲ್ಲ, ಸುಮ್ಮನಿದ್ದೆ ಅಷ್ಟೇ."

"ಸುಮ್ಮನಿರಲಿಲ್ಲ. ಇವತ್ತಿನದೇ ಅಂದೆ."

ಮನೀಷ್ ಒಳಗಿನ ರೂಮಿನ ಕಡೆ ನೋಡಿದ.

"ನನ್ನ ಹತ್ತಿರ ಬೇಡ ಅಂದಿದ್ದರೆ ನಾನೇ ಅಪ್ಪನಿಗೆ ಹೇಳಿ ಬಿಡಿಸುತ್ತಿದ್ದೆ. ಕೆಟ್ಟ ಹೆಸರು ನನಗೇ ಬರಬೇಕಿತ್ತಾ? ಅಪ್ಪ ಇಲ್ಲಿ ಕೈಮುಗಿದು ನಿಂತ ದಿನ ನೀನೆಲ್ಲಿದ್ದೆ?"

"ಒಳಗೆ," ಎಂದ ಮನೀಷ್ ಮೆಲ್ಲಗೆ. "ರೂಮಿನಲ್ಲಿ."

ಜಯಲತಾ ಸೋಫಾದಲ್ಲಿ ಕುಸಿದು ಕೂತರು. ಸೆರಗಿನ ಅಂಚನ್ನು ತಿರುವುತ್ತ ವಾಸುವಿನ ಕಡೆ ನೋಡಿ, "ಹುಡುಗಬುದ್ಧಿ, ಅಣ್ಣ. ನಾನು ಅವನಿಗೆ ಹೇಳುತ್ತೇನೆ. ಹಾಲ್ ಬುಕ್ ಆಗಿದೆ, ಆದದ್ದು ಆಯ್ತು, ಮದುವೆ ನಿಲ್ಲುವುದು ಬೇಡ" ಎಂದರು.

ವಾಸು ಏನೋ ಹೇಳಲು ಬಾಯಿ ತೆರೆದರು. ಅವರು ಹೂಂ ಎಂದುಬಿಡುತ್ತಾರೆಂದು ಅಶ್ಮಿತಾಳಿಗೆ ಭಯವಾಯಿತು.

"ಬೇಡ ಆಂಟಿ," ಎಂದು ಅವಳೇ ಎದ್ದಳು. "ನಾಳೆ ಇನ್ಯಾರೋ ನನ್ನ ಮೇಲೆ ಏನೋ ಹೇಳಿದರೆ ಇವನು ಮತ್ತೆ ಒಳಗೆ ಕೂತುಕೊಳ್ಳುತ್ತಾನೆ."

ಥಾಣೆ ಸ್ಟೇಷನ್‌ವರೆಗೆ ಮೂವರೂ ಬಸ್ಸಿನಲ್ಲಿ ಬಂದರು. ಗಾಡಿ ಬಂದಾಗ ಅವಳು ಲೇಡೀಸ್ ಡಬ್ಬಕ್ಕೆ ಹತ್ತಿದಳು, ಗಂಡಸರು ಜನರಲ್‌ಗೆ. ನಾಲ್ಕೂ ಕಡೆಯಿಂದ ಒತ್ತುವ ಹೆಂಗಸರ ನಡುವೆ ನಿಂತು ಅವಳು ಅತ್ತಳು. ಒರೆಸಿಕೊಳ್ಳಲು ಕೈ ಎತ್ತುವಷ್ಟು ಜಾಗವಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ ಅವಳ ಬ್ಯಾಗನ್ನು ತನ್ನ ಕೈಗೆ ತೆಗೆದುಕೊಂಡು ದಿವಾ ಸ್ಟೇಷನ್ ದಾಟುವವರೆಗೂ ಹಿಡಿದುಕೊಂಡಿದ್ದಳು.

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ವಾಸು ಒಬ್ಬರೇ ಕಾಯುತ್ತಿದ್ದರು.

"ಆ ದಿನ ನಿನ್ನನ್ನು ಹಾಗೆ ಕೇಳಬಾರದಿತ್ತು," ಎಂದರು.

"ಹೌದು ಅಪ್ಪ. ಕೇಳಬಾರದಿತ್ತು."

ಪರವಾಗಿಲ್ಲ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಅವರೂ ಅದನ್ನು ನಿರೀಕ್ಷಿಸಿದ ಹಾಗೆ ಕಾಣಲಿಲ್ಲ. ಇಬ್ಬರೂ ಮೆಟ್ಟಿಲಿಳಿದು ರಿಕ್ಷಾ ಲೈನಿನಲ್ಲಿ ನಿಂತರು.

ನಿಶ್ಚಿತಾರ್ಥದ ಉಂಗುರ, ಸೀರೆಗಳನ್ನು ಜಯಲತಾರಿಗೆ ಮುರಾರಿಯವರೇ ಒಯ್ದು ಮುಟ್ಟಿಸಿದರು. ಸಂಘದ ಸಭೆಯಲ್ಲಿ ಎದ್ದು ನಿಂತು ಆದದ್ದನ್ನೆಲ್ಲ ಹೇಳಿದರು, ತಮ್ಮ ಉದಾಸೀನವನ್ನೂ ಬಿಡಲಿಲ್ಲ. ಹಳೆಯ ಪುಟ ಇಟ್ಟುಕೊಳ್ಳಬೇಡವೆಂಬ ಸೂಚನೆಯನ್ನೂ ಸೈಟಿಗೆ ಹಾಕಿಸಿದರು. ಆದರೂ ನಿಶ್ಚಿತಾರ್ಥದ ಮೇಲೂ ಗಂಡು ಹುಡುಕಿದ ಹುಡುಗಿ ಎಂಬ ಮಾತು ಎರಡು ವರ್ಷ ಅಲ್ಲಲ್ಲಿ ಕೇಳಿಬರುತ್ತಲೇ ಇತ್ತು. ಪರಿಚಯದವರ ಸೀಮಂತದಲ್ಲಿ, ಬಂದವರಿಗೆಲ್ಲ ಬಳೆ ತೊಡಿಸುವಾಗ, ಹೆಂಗಸೊಬ್ಬಳು ಅದನ್ನು ಅಶ್ಮಿತಾಳ ಎದುರೇ ಕೇಳಿದಳು. ಅಶ್ಮಿತಾ ಬಳೆ ತೊಡುವುದನ್ನು ನಿಲ್ಲಿಸಿ, ಮನೀಷ್ ಹೇಳಿದ ಸುಳ್ಳನ್ನು ಮೊದಲಿಂದ ಕೊನೆಯವರೆಗೆ, ಹೆಸರು ಹಿಡಿದು, ಅಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಆಮೇಲೆ ಉಳಿದ ಬಳೆಗಳಿಗೆ ಕೈ ಚಾಚಿದಳು.