ಹೆಣಕ್ಕೆ ನಮಸ್ಕಾರದ ಚಟ

"ಸತ್ತ ಹೆಣ ಎದ್ದು ನಿಂತು ನಮಸ್ಕಾರ ಮಾಡ್ತದೇನಾ, ಬೋಳಿಮಗನೆ?"

ಬೆಳಗಿನ ತಾಲೀಮಿನಲ್ಲಿ ಮ್ಯಾನೇಜರ್ ನಾಗಭೂಷಣ ಹೀಗೆ ಕೇಳಿದ್ದು ಇದು ಮೂರನೇ ಸಲ. ಮೂರು ಸಲವೂ ಹೆಣ ತಲೆ ತಗ್ಗಿಸಿ, "ತಪ್ಪಾತು ಒಡ್ಯಾ" ಎಂದು ಉತ್ತರವನ್ನೂ ಕೊಟ್ಟಿತ್ತು.

ಹೆಣದ ಹೆಸರು ಮಾಬ್ಲ. ಹೊನ್ನಾವರದ ಹೆದ್ದಾರಿ ಪಕ್ಕದ 'ಅಳಿವೆ ವ್ಯೂ' ಅಪಾರ್ಟ್‌ಮೆಂಟಿನ ವಾಚ್‌ಮನ್. ವಯಸ್ಸು ಐವತ್ತೆಂಟು, ತೂಕ ನಲವತ್ತಾರು ಕಿಲೋ. ಸ್ಟ್ರೆಚರ್ ಹೊರುವವರಿಗೆ ಹಗುರಾಗಲಿ ಎಂದೇ ಬೆಂಕಿ ಅವಘಡದ ಅಣಕು ಕಾರ್ಯಾಚರಣೆಗೆ ಅವನನ್ನು ಹೆಣ ಮಾಡಿದ್ದರು. ಉಳಿದ ಹನ್ನೊಂದು ಜನ ಗಾರೆಯವರು, ಕಸದವರು, ಗಿಡಕ್ಕೆ ನೀರು ಬಿಡುವವರು. ಅವರೆಲ್ಲ ಗಾಯಾಳುಗಳು. ಕುತ್ತಿಗೆಗೆ ರಟ್ಟಿನ ಚೀಟಿ: 'ಸಣ್ಣ ಗಾಯ', 'ದೊಡ್ಡ ಗಾಯ'. 'ಮೃತ' ಎಂಬ ಚೀಟಿಯನ್ನು ಮಾತ್ರ ಕಂಪನಿ ಅಚ್ಚು ಹಾಕಿಸಿರಲಿಲ್ಲ. ಆ ಶಬ್ದ ಫ್ಲಾಟ್ ಮಾರಾಟಕ್ಕೆ ಒಳ್ಳೆಯದಲ್ಲವಂತೆ. ಹಾಗಾಗಿ ಮಾಬ್ಲನ ಎದೆಯ ಮೇಲೆ 'ಪ್ರಜ್ಞೆ ಇಲ್ಲ' ಎಂದು ನೇತಾಡುತ್ತಿತ್ತು.

"ಅದ್ ಇಲ್ಲ ಹೇಳಿ ಊರಿಗೇ ಗೊತ್ತದೆ, ಚೀಟಿ ಎಂತಕೆ?" ಎಂದು ಗಾರೆಯ ಶುಕ್ರ ನಗಾಡಿದ.

ಏಳುವುದು, ಬಿಡುವುದು ಮಾಬ್ಲನ ಕೈಯಲ್ಲಿರಲಿಲ್ಲ, ಕಾಲಿನಲ್ಲಿತ್ತು. ಕುಮಟೆಯ ಅಕ್ಕಿ ಮಿಲ್ಲು, ಭಟ್ಕಳದ ಜವಳಿ ಅಂಗಡಿ, ಆಮೇಲೆ ಇಲ್ಲಿ, ಒಟ್ಟು ನಲವತ್ತು ವರ್ಷ ಬಾಗಿಲು ಕಾದ ಕಾಲು ಅದು. ಬೂಟಿನ ಸದ್ದು ಕೇಳಿದರೆ ತಾನೇ ನೆಟ್ಟಗಾಗುತ್ತಿತ್ತು, ಕೈಗಳು ತಾವೇ ಕೂಡಿಕೊಳ್ಳುತ್ತಿದ್ದವು. ಒಮ್ಮೆ ಸರಕಾರಿ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದ್ದಾಗ ಡಾಕ್ಟರು ಬಂದರೆಂದು ಎದ್ದು ನಿಂತು ಬಾಟಲಿಯನ್ನೇ ಬೀಳಿಸಿದ್ದ. ಬಂದವನು ಎಳನೀರು ಮಾರುವವನು.

ಐದು ತಿಂಗಳ ಹಿಂದೆ 'ಅಳಿವೆ ವ್ಯೂ'ನ ಎ ಬ್ಲಾಕಿಗೆ ಬೆಂಕಿ ಬಿದ್ದಿತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಕಂಪನಿ ಸೋಫಾದ ಫೋಮು ತುಂಬಿಸಿಟ್ಟಿತ್ತು. ಹೊಗೆ ಮೆಟ್ಟಿಲು ಹತ್ತಿತು, ಜನ ಹೊಗೆಗಿಂತ ಮುಂದೆ ಹತ್ತಿದರು. ಐದನೇ ಮಹಡಿ ದಾಟಿದರೆ ತಾರಸಿಯ ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ಆರು ಜನ ಅದಕ್ಕೆ ಒರಗಿಕೊಂಡೇ ಸತ್ತರು. ಅವರಲ್ಲಿ ಒಬ್ಬಳು ನಾಲ್ಕನೇ ಮಹಡಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ರೂಪಾ, ಕಸ ಗುಡಿಸುವ ತಿಮ್ಮಿಯ ಮಗಳು.

ಆ ಬೀಗ ಬಿದ್ದದ್ದು ಒಣಮೀನಿನ ದೆಸೆಯಿಂದ. ಕೆಲಸದ ಹೆಂಗಸರು ಹೊಳೆಯಾಚೆಯ ಕಾಸರಕೋಡಿನಿಂದ ಸಿಗಡಿ ತಂದು ತಾರಸಿಯಲ್ಲಿ ಹರವುತ್ತಾರೆ, ಫ್ಲಾಟು ನೋಡಲು ಬಂದವರು ಮೂಗು ಮುಚ್ಚಿಕೊಂಡು ವಾಪಸಾಗುತ್ತಾರೆ ಎಂದು ನಾಗಭೂಷಣ ಬೀಗ ಜಡಿದು ಚಾವಿಯನ್ನು ಜನಿವಾರಕ್ಕೆ ಕಟ್ಟಿಕೊಂಡ. ಅಲ್ಲಿಗೆ ಯಾರ ಕೈಯೂ ಹೋಗುವಂತಿಲ್ಲವಲ್ಲ! ಬೆಂಕಿ ಬಿದ್ದ ಮಧ್ಯಾಹ್ನ ಅವನು ಕುಮಟೆಯಲ್ಲಿ ಉಪನಯನದ ಊಟಕ್ಕೆ ಕೂತಿದ್ದ. ಮಾಬ್ಲ ಒಂಬತ್ತು ಸಲ ಫೋನು ಮಾಡಿದ. ಫೋನು ಅಂಗಿಯ ಕಿಸೆಯಲ್ಲಿತ್ತು, ಅಂಗಿ ಗೂಟದಲ್ಲಿತ್ತು. ಚಾವಿ ಮಾತ್ರ ಪಂಕ್ತಿಯಲ್ಲಿ, ಬರಿ ಹೊಟ್ಟೆಯ ಮೇಲೆ, ಬಡಿಸುವವರಿಗೆಲ್ಲ ಕಾಣುವಂತೆ ಹೊಳೆಯುತ್ತಿತ್ತು.

ಜಿಲ್ಲೆಯ ಸಾಹೇಬರು ನಡೆಸಿದ ತನಿಖೆಯ ವರದಿ ಬಂತು. ಕಾರಣ: ಶಾರ್ಟ್ ಸರ್ಕಿಟ್. ಅದಕ್ಕೆ ಅಪ್ಪ ಇಲ್ಲ, ಅಮ್ಮ ಇಲ್ಲ, ಆಧಾರ್ ಕಾರ್ಡೂ ಇಲ್ಲ, ಹಿಡಿಯುವುದು ಯಾರನ್ನು? ಹನ್ನೆರಡನೇ ಪುಟದಲ್ಲಿ, 'ಬಾಗಿಲಿಗೆ ಬೀಗವಿರಲಿಲ್ಲ. ತಳ್ಳಬೇಕಾದ ಬಾಗಿಲನ್ನು ಗಾಬರಿಯಲ್ಲಿ ಎಳೆದಿದ್ದರಿಂದ ಸಾವು ಸಂಭವಿಸಿದೆ' ಎಂದಿತ್ತು. ಅದರ ಕೆಳಗೆ ಸಾಕ್ಷಿಯ ಸಹಿ. ಎರಡು ವರ್ಷ ರಾತ್ರಿಶಾಲೆಯಲ್ಲಿ ಕೂತು ಕಲಿತ ದುಂಡಗಿನ ಅಕ್ಷರ, ಒತ್ತು ಕೂಡ ತಪ್ಪಿರಲಿಲ್ಲ: ಮಾಬ್ಲ. ನಾಗಭೂಷಣ "ಇಲ್ಲಿ" ಎಂದು ಬೆರಳಿಟ್ಟಾಗ ಅವನು ಕುರ್ಚಿ ಬಿಟ್ಟೆದ್ದು, ನಿಂತುಕೊಂಡೇ ಸಹಿ ಹಾಕಿದ್ದ.

ಇವತ್ತು ಬಿ ಬ್ಲಾಕಿನ ಸರದಿ. ಅದೇ ಸಾಹೇಬರೆದುರು ಅಣಕು ಕಾರ್ಯಾಚರಣೆ ಚಂದವಾಗಿ ನಡೆದರೆ ಅವರು ಪ್ರಮಾಣಪತ್ರ ಕೊಡುತ್ತಾರೆ, ಕಂಪನಿ ಫ್ಲಾಟು ಮಾರುತ್ತದೆ. 'ಎಂಟೇ ನಿಮಿಷದಲ್ಲಿ ಎಲ್ಲರ ರಕ್ಷಣೆ!' ಎಂಬ ಬ್ಯಾನರು ಬೆಳಿಗ್ಗೆಯೇ ಕಟ್ಟಿಯಾಗಿತ್ತು.

ತಿಮ್ಮಿ ಐದು ತಿಂಗಳಿಂದ ಮಾಬ್ಲನ ಸಂಗಡ ಮಾತು ಬಿಟ್ಟಿದ್ದಳು. ಅಂಗಳವೆಲ್ಲ ಗುಡಿಸಿ ಅವನ ಕುರ್ಚಿಯ ಸುತ್ತ ಮಾತ್ರ ಕಸ ಹಾಗೇ ಬಿಡುತ್ತಿದ್ದಳು. ಮಾಬ್ಲನೂ ಅದನ್ನು ಗುಡಿಸುತ್ತಿರಲಿಲ್ಲ. ಅದು ತನಗೆ ಸಲ್ಲಬೇಕಾದ್ದೇ ಎಂದು ಅವನಿಗೆ ಅನ್ನಿಸುತ್ತಿತ್ತು. ಇವತ್ತು ಚಾ ಕೊಡುವಾಗ ಅವಳೇ ಬಾಯಿಬಿಟ್ಟಳು.

"ನೀ ಎಲ್ಲಿ ಬಿದ್ಕಂಬುದು?"

"ಒಂದ್ನೇ ಮಾಳಿಗೆ ಮೆಟ್ಲಲ್ಲಿ. ಹೊರುವವ್ರಿಗೆ ಸಲೀಸು ಹೇಳಿ."

"ನಮ್ಮ ರೂಪಾ ಸಲೀಸ್ ನೋಡ್ಕಂಡ್ ಸತ್ತದ್ದಾ?"

ಮಾಬ್ಲನ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

"ದೂಡುದ್ ಯಾವ್ದು, ಎಳುದ್ ಯಾವ್ದು ಹೇಳಿ ನನ್ ಮಗಳಿಗೆ ಗೊತ್ತಿರಲಿಲ್ಲ ಹೇಳಿ ಬರ್ಸಿರಿ. ದಿನಾ ಆ ಮನೆ ಫ್ರಿಜ್ಜಿನ ಬಾಗ್ಲು ತೆಗ್ದು ಹಾಕಿ ಮಾಡ್ತಿದ್ದ ಹುಡ್ಗಿ, ಮಾಬ್ಲಣ್ಣ."

ಅವನು ಕುಡಿಯುವ ಮೊದಲೇ ಲೋಟ ಕಿತ್ತುಕೊಂಡು ಹೋದಳು.

ಹನ್ನೊಂದು ಗಂಟೆಗೆ ಸೈರನ್ ಕೂಗಿತು. ಅಗ್ನಿಶಾಮಕದ ಗಾಡಿ ಜೋರಾಗಿ ಬಂದು, ಸಾಹೇಬರಿಗೆಂದು ಕಟ್ಟಿದ 'ಸುಸ್ವಾಗತ'ದ ಹೂವಿನ ಕಮಾನಿಗೆ ತಲೆ ತಾಗಿಸಿಕೊಂಡು ನಿಂತುಬಿಟ್ಟಿತು. ಒಬ್ಬ ಕತ್ತಿ ಹಿಡಿದು ಇಳಿದ.

"ಕಡೀಬೇಡಿ! ಸಾಹೇಬರ ಫೋಟೋ ಇದ್ದು ಅದರಲ್ಲಿ!" ನಾಗಭೂಷಣನಿಗೆ ಗಾಬರಿಯಲ್ಲಿ ಮನೆಮಾತೇ ಬಂತು.

ಗಾಡಿಯ ಚಕ್ರದ ಗಾಳಿ ಬಿಟ್ಟು ತಗ್ಗಿಸುವುದೋ, ಕಮಾನು ಎತ್ತುವುದೋ ಎಂಬ ಚರ್ಚೆಯಲ್ಲೇ ಎಂಟು ನಿಮಿಷ ಮುಗಿಯಿತು. ಅಷ್ಟರಲ್ಲಿ ಒಂದನೇ ಮಹಡಿಯ ಹೆಣ ಎದ್ದಿತ್ತು. ಯಾವ ಬೂಟಿನ ಸದ್ದೂ ಇಲ್ಲದೆ ಮಾಬ್ಲ ತಾನಾಗಿ ಎದ್ದದ್ದು ಬಹುಶಃ ಅದೇ ಮೊದಲು. ಪ್ರತಿ ಮಹಡಿಯಲ್ಲೂ ವಾಪಸು ಹೋಗಿಬಿಡಲೇ ಎಂದು ನಿಂತ. ಪ್ರತಿ ಸಲವೂ ಇನ್ನೊಂದು ಮಹಡಿ ಹತ್ತಿ ಆಮೇಲೆ ಯೋಚಿಸೋಣ ಎಂದುಕೊಂಡ. ಮಹಡಿಗಳು ಮುಗಿದುಹೋದವು.

ತುದಿಯಲ್ಲಿ ಎ ಬ್ಲಾಕಿನದೇ ತದ್ರೂಪು ಬಾಗಿಲು. ಹೊಸ ಬೀಗ. ಸಂದಿಯಿಂದ ಇಸವಾಣ ಮೀನು ಹುರಿದ ಗಮಗಮ ವಾಸನೆ! ಸಾಹೇಬರಿಗೆ ಸಮುದ್ರ ಕಾಣುವಂತೆ ತಾರಸಿಯಲ್ಲಿ ಊಟ ಸಿದ್ಧವಾಗುತ್ತಿತ್ತು. ಕೆಲಸದವರು ಬಾಯಿ ಹಾಕಿಯಾರೆಂದು ಬಾಗಿಲು ಜಡಿದಿದ್ದರು. ಎ ಬ್ಲಾಕಿನ ಬೀಗ ಒಣಮೀನಿಗೆ, ಬಿ ಬ್ಲಾಕಿನದು ಹುರಿದ ಮೀನಿಗೆ.

ಮಾಬ್ಲ ಬಾಗಿಲಿಗೆ ತಲೆ ಕೊಟ್ಟು ಮಲಗಿದ.

"ಯಾರಾ ಅದು?" ಒಳಗಿನಿಂದ ಅಡುಗೆಯ ದೇವುವಿನ ದನಿ. "ಬಾಗ್ಲು ತೆಗಿಯಾ ಮಾರಾಯ. ಒಂದ್ ತಾಸಿಂದ ಉಚ್ಚೆ ಕಟ್ಕಂಡ್ ನಿಂತಿದ್ದೆ."

"ಮಾತಾಡ್ಸಬ್ಯಾಡ. ನಾ ಸತ್ತಿದ್ದೆ."

ಕೆಳಗೆ ತಲೆ ಎಣಿಸಿದರು. ಹನ್ನೆರಡರಲ್ಲಿ ಹನ್ನೊಂದೇ. "ಪ್ರಜ್ಞೆ ಇಲ್ಲದವ ನಡ್ಕಂಡ್ ಎಲ್ಲಿ ಹೋದ?" ಎಂದು ಪ್ರತಿ ಮಹಡಿ ಹುಡುಕುತ್ತ ಹತ್ತಿದರು. ಮುಂದೆ ಅಗ್ನಿಶಾಮಕದವರು, ಹಿಂದೆ ನಾಗಭೂಷಣ, ಏದುಸಿರು ಬಿಡುವ ಸಾಹೇಬರು, ಫೋನು ಎತ್ತಿ ಹಿಡಿದ ನಾಲ್ಕು ಪತ್ರಕರ್ತರು, ಶುಕ್ರ, ಪೊರಕೆ ಸಮೇತ ತಿಮ್ಮಿ.

"ಏಳಾ ಮೇಲೆ!" ನಾಗಭೂಷಣ ಬೂಟಿನ ತುದಿಯಿಂದ ಪಕ್ಕೆಗೆ ತಿವಿದ. "ಇಲ್ಲಿಗೆಂತಕೆ ಬಂದ್ ಸತ್ಯಾ, ಹಡಬೆ?"

"ಜನ ಸಾಯುದು ಇಲ್ಲೇ ಅಲ್ದಾ, ಒಡ್ಯಾ," ಎಂದ ಮಾಬ್ಲ, ಕಣ್ಣು ಮುಚ್ಚಿಕೊಂಡೇ.

ಸಾಹೇಬರು ಮೇಲೆ ನೋಡಿದರು. "ಏನ್ರೀ ಇದು, ಬೀಗ?"

"ಅದು ಬೀಗ ಅಲ್ಲ ಸರ್."

"ಮತ್ತೆ?"

"ಸುಮ್ನೆ... ಅಲಂಕಾರಕ್ಕೆ ಸರ್."

"ಅಲಂಕಾರ ತೆಗೀರಾ!" ಒಳಗಿನಿಂದ ದೇವು ಬಾಗಿಲು ಗುದ್ದಿದ. "ಇನ್ ತಡೂಕೆ ಆಗುದಿಲ್ಲ!"

"ಚಾವಿ ಯಾರ ಹತ್ತಿರ?" ಅಗ್ನಿಶಾಮಕದವನು ಕೇಳಿದ. ಎಲ್ಲರೂ ನಾಗಭೂಷಣನ ಹೊಟ್ಟೆಯನ್ನೇ ನೋಡಿದರು.

ಅವನು ಅಂಗಿಯ ಮೂರು ಗುಂಡಿ ಬಿಚ್ಚಿದ. ಚಾವಿಯ ಗಂಟು ಬಿಚ್ಚಲು ಬರಲಿಲ್ಲ. ಜನಿವಾರ ಕಳಚುವಂತಿಲ್ಲ. ಕಡೆಗೆ ಮಾಬ್ಲನ ಆಚೆಗೊಂದು ಈಚೆಗೊಂದು ಕಾಲಿಟ್ಟು, ಬಾಗಿಲಿಗೆ ಹೊಟ್ಟೆ ಒತ್ತಿ, ಬೀಗವನ್ನು ಅಪ್ಪಿಕೊಂಡಂತೆ ನಿಂತು ತಿರುಗಿಸಿದ. ನಾಲ್ಕು ಫೋನುಗಳೂ ಅದನ್ನು ನೋಡುತ್ತಿದ್ದವು. ಬಾಗಿಲು ತಾರಸಿಯ ಕಡೆಗೆ ತೆರೆದದ್ದೇ ತಡ, ದೇವು ಹೆಣ ಹಾರಿ, ಸಾಹೇಬರನ್ನು ಸರಿಸಿ, ಮೆಟ್ಟಿಲಿಳಿದು ಮಾಯವಾದ.

"ನಲವತ್ತೊಂದು ನಿಮಿಷ," ಎಂದ ಅಗ್ನಿಶಾಮಕದವನು, ಗಡಿಯಾರ ನೋಡಿ. ಅವನನ್ನು ಯಾರೂ ಕೇಳಿರಲಿಲ್ಲ.

"ಸರಿ, ಸರಿ. ಮುಗೀತು," ಸಾಹೇಬರು ಮುಂದೆ ಬಂದರು. "ಏಳಪ್ಪ. ಚೆನ್ನಾಗಿ ಮಾಡಿದೆ."

ಬೂಟು ಕಿವಿಯ ಪಕ್ಕದಲ್ಲೇ ಕಿರುಗುಟ್ಟಿತು. ಮಾಬ್ಲನ ಮೊಣಕಾಲು ತಾನೇ ಮಡಚಿತು. ಎರಡೂ ಕೈ ನೆಲ ಬಿಟ್ಟು ಮೇಲೇಳತೊಡಗಿದವು. ಅವನು ಹೆದರಿ ಕಣ್ಣು ತೆರೆದ.

"ತಿಮ್ಮಿ, ನನ್ ಕೈ ಹಿಡ್ಕಳೇ! ಬಿಟ್ರೆ ನಮಸ್ಕಾರ ಮಾಡ್ತದೆ!"

ತಿಮ್ಮಿ ಒಂದು ಗಳಿಗೆ ಅವನ ಮುಖ ನೋಡಿದಳು. ಪೊರಕೆ ಬಿಸಾಡಿ ಕುಕ್ಕರುಗಾಲಲ್ಲಿ ಕೂತು ಎರಡೂ ಮಣಿಕಟ್ಟುಗಳನ್ನು ನೆಲಕ್ಕೆ ಒತ್ತಿ ಹಿಡಿದಳು. ಹೇಳಿಸಿಕೊಳ್ಳದೆಯೇ ಶುಕ್ರ ಬಂದು ಕಾಲುಗಳ ಮೇಲೆ ಕೂತ.

"ಎ ಬ್ಲಾಕಿಗೂ ಬೀಗ ಇತ್ತು," ಮಾಬ್ಲ ಸೂರು ನೋಡುತ್ತ ಹೇಳಿದ. "ಇರಲಿಲ್ಲ ಹೇಳಿ ನಾ ಸಹಿ ಹಾಕದ್ದು ಸುಳ್ಳು. ಚಾವಿ ಆಗಳೂ ಅಲ್ಲೇ ಇತ್ತು, ಆ ದಾರದಲ್ಲಿ. ಬರ್ಕಳಿ. ಬರ್ಕಂಡ್ರೆ ಏಳ್ತೆ."

"ಏಯ್, ಹೆಣ ಹೇಳಿಕೆ ಕೊಡೋ ಹಾಗಿಲ್ಲಪ್ಪ," ಸಾಹೇಬರು ನಗಲು ನೋಡಿದರು.

"ಹಾಂಗಾರೆ ಆರ್ ಹೆಣದ ಹೇಳಿಕೆ ನೀವೇ ಹ್ಯಾಂಗ್ ಬರ್ದ್ರಿ?" ತಿಮ್ಮಿ ತಲೆ ಎತ್ತಲಿಲ್ಲ. "ದೂಡ್ಲಿಲ್ಲ, ಎಳ್ದ್ರು ಹೇಳಿ?"

ತಾರಸಿಯ ಮೇಜಿನಲ್ಲಿ ಇಸವಾಣ ಆರುತ್ತಿತ್ತು. ಅಲ್ಲಿಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು, ಬಾಗಿಲ ಅಡ್ಡಕ್ಕೆ ಮಾಬ್ಲ. ಸಾಹೇಬರು ದಾಟಲೆಂದು ಒಂದು ಕಾಲು ಎತ್ತಿದರು. ಫೋನುಗಳನ್ನು ನೋಡಿ ಇಳಿಸಿದರು. ಕಿಸೆಯ ಪೆನ್ನು ಮುಟ್ಟಿದರು. ನಾಗಭೂಷಣನ ಮುಖ ನೋಡಿ ಅದನ್ನೂ ಬಿಟ್ಟರು. ಕಾಗೆಯೊಂದು ಬಂದು ಎಲ್ಲಕ್ಕಿಂತ ದೊಡ್ಡ ತುಂಡನ್ನೇ ಆರಿಸಿಕೊಂಡಿತು.

ತಿಮ್ಮಿಯ ಅಂಗೈಗಳ ಕೆಳಗೆ ಮಾಬ್ಲನ ಬೆರಳುಗಳು ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತಿದ್ದವು.

"ಬಿಟ್ಟೀಯೆ ಮತ್ತೆ," ಎಂದ.

"ಸುಮ್ನೆ ಬಿದ್ಕ," ಎಂದು ಅವಳು ಇನ್ನಷ್ಟು ಭಾರ ಹಾಕಿದಳು.