ಪಕ್ಕದ ಸೀಟಿನ ಗಾಳಿ

"ಇನ್ನೊಂಚೂರು ತಳ್ರಪ್ಪ, ಗೇಟು ದಾಟಿದ್ರೆ ಸಾಕು," ಎಂದಳು ಅವಳು. ನಾಲ್ಕು ಜನ ಹೆಗಲು ಕೊಟ್ಟರೂ ಕಾರು ಅಲುಗಲಿಲ್ಲ.

ಮುಂದಿನ ಕೋಣೆಯಲ್ಲಿ ಗಂಡ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನನ್ನು ಒಯ್ಯುವ ವ್ಯಾನು ಅಂಗಳಕ್ಕೆ ಬರಬೇಕಾದರೆ, ಅವನೇ ಕೈಯಾರೆ ಕಟ್ಟಿದ ಈ ಕಾರು ದಾರಿ ಬಿಡಬೇಕಿತ್ತು.

"ಅವರು ಹೊರಟ್ರೂ ನನ್ನ ಸವತಿ ಜಾಗ ಬಿಡ್ತಿಲ್ಲ ನೋಡಿ."

ಯಾರೋ ನಕ್ಕರು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಒಂಬತ್ತು ವರ್ಷದ ಹಿಂದೆ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಾರು ಅದು. ಅಂದಿನಿಂದ ಅವನು ಶೆಡ್ಡಿನಲ್ಲಿ, ಇವಳು ಅಡುಗೆಮನೆಯಲ್ಲಿ. ಊಟಕ್ಕೆ ಕರೆದರೆ ಒಂದೇ ಉತ್ತರ: "ಇನ್ನೊಂದು ಜಾಯಿಂಟು ಸೋರ್ತಿದೆ." ಗಂಡನ ಹಿಂದೆಯೇ ಇದೂ ತೊಲಗಲಿ ಎಂದು ಬೆಳಿಗ್ಗೆಯೇ ಗುಜರಿಯವನಿಗೆ ಫೋನು ಮಾಡಿದ್ದಳು. ಅವನು ಹಗ್ಗ ಹಿಡಿದು ಗೇಟಿನಲ್ಲಿ ಕಾಯುತ್ತಿದ್ದ.

ಗಂಡನ ಹಳೆಯ ಗೆಳೆಯ ಒಳಗಿಂದ ಬಂದ. ಏಸಿಗೆ ಗ್ಯಾಸು ತುಂಬುವ ಕೆಲಸ, ಹಾಗಾಗಿ ಎಲ್ಲರಿಗೂ ಗ್ಯಾಸಪ್ಪ.

"ಅತ್ತಿಗೆ, ಹ್ಯಾಂಡ್‌ಬ್ರೇಕ್ ಹಾಕಿದೆ. ತಳ್ಳೋದ್ಯಾಕೆ, ಸ್ಟಾರ್ಟ್ ಮಾಡಿದ್ರೆ ತಾನೇ ಹೋಗುತ್ತೆ."

"ಇದು ಓಡುತ್ತಾ?"

"ಹೋದ ವಾರವೇ ಮುಗೀತಲ್ಲ. ಅಣ್ಣ ಹೇಳ್ಲಿಲ್ವಾ?"

*

ಹೇಳಿದ್ದ. ಮೊನ್ನೆ ಸಂಜೆ ಗ್ರೀಸು ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ಒಂದು ಸುತ್ತು ಬರ್ತೀಯಾ?" ಅಂದಿದ್ದ.

ಅವಳು ಪಾತ್ರೆಯಿಂದ ಮುಖ ಎತ್ತಿರಲಿಲ್ಲ. "ಸವತಿ ಜೊತೆ ನೀವೇ ಹೋಗಿ. ನಿಮ್ಮ ಹಳೇ ಕಾರಲ್ಲಿ ಬೆಂದದ್ದೇ ಸಾಕು."

ಹಳೆಯ ಕಾರಿನಲ್ಲಿ ಎಂಜಿನ್ನಿನ ಕಾವೆಲ್ಲ ಅವಳ ಕಾಲಿಗೇ ನುಗ್ಗುತ್ತಿತ್ತು. ಒಮ್ಮೆ ಸಿಗ್ನಲ್ಲಿನಲ್ಲಿ ಕಾಯುವಾಗ ತಲೆ ತಿರುಗಿ ಒರಗಿಬಿಟ್ಟಿದ್ದಳು. ಎಚ್ಚರವಾದಾಗ, ನಿಮ್ಮ ಜೊತೆ ಇನ್ನೆಲ್ಲಿಗೂ ಬರಲ್ಲ ಅಂದಿದ್ದಳು. ಆಮೇಲೆ ಹೋಗಿಯೂ ಇರಲಿಲ್ಲ.

"ಆಯ್ತು," ಎಂದು ಅವನು ಶೆಡ್ಡಿಗೆ ಮರಳಿದ್ದ. ಮರುದಿನ ಬೆಳಿಗ್ಗೆ ಏಳಲಿಲ್ಲ.

*

ಗ್ಯಾಸಪ್ಪ ಬಾಗಿಲು ತೆರೆದ. "ಬನ್ನಿ. ಮಾರೋ ಮುಂಚೆ ಒಂದ್ಸಲ ಕೂತಾದ್ರೂ ನೋಡಿ."

ಒಲ್ಲದ ಮನಸ್ಸಿನಿಂದ ಪಕ್ಕದ ಸೀಟಿನಲ್ಲಿ ಕೂತಳು. ಎಂಜಿನ್ನು ಗುರ್ ಎಂದಿತು. ಬಾನೆಟ್ಟಿನ ಸೀಳುಗಳಿಂದ ಬಿಸಿ ಹೊರಗೇ ಹೋಯಿತು, ಅವಳತ್ತ ಸುಳಿಯಲಿಲ್ಲ. ಗ್ಯಾಸಪ್ಪ ಏಸಿಯ ಗುಂಡಿ ಒತ್ತಿದ. ಮುಖಕ್ಕೆ, ಕತ್ತಿಗೆ, ಎರಡೂ ಕಾಲಿಗೆ ತಣ್ಣನೆ ಗಾಳಿ ಬಂತು.

ಓಡಿಸುವವನ ಮುಂದೆ ಗಾಳಿ ಬರಬೇಕಾದ ತೂತುಗಳಿಗೆ ದುಂಡನೆ ತಗಡು ಕೂರಿಸಿ ಸ್ಕ್ರೂ ಬಿಗಿದಿತ್ತು.

"ನಿನ್ನ ಕಡೆ ಯಾಕೆ ಮುಚ್ಚಿದೆ?"

"ಮೆಷಿನ್ ಚಿಕ್ಕದು ಅತ್ತಿಗೆ. ಹಂಚಿದ್ರೆ ಇಬ್ಬರಿಗೂ ಸಾಲಲ್ಲ ಅಂತ ನಾಲ್ಕೂ ಪೈಪು ನಿಮ್ಮ ಕಡೆಗೇ ಎಳೆದ. ಓಡಿಸೋನು ಬೆಂದು ಹೋಗ್ತಾನಲ್ಲೋ ಅಣ್ಣ ಅಂದೆ. 'ನಂಗೆ ಅಭ್ಯಾಸ ಇದೆ, ಅವಳಿಗಾಗಲ್ಲ' ಅಂದ. ಒಂದು ಹನಿ ಗ್ಯಾಸು ಸೋರಿದ್ರೂ ನಿಮ್ಮನ್ನ ಕರೀಬಾರದು ಅಂತ ಹಟ."

ಕಾರು ಗೇಟು ದಾಟಿ ಬೀದಿಯ ಅಂಚಿಗೆ ನಿಂತಿತು. ವ್ಯಾನು ಒಳಗೆ ಹೋಯಿತು. ಗಂಡನನ್ನು ಮಲಗಿಸಿಕೊಂಡು ಹೊರಗೆ ಬಂತು.

"ಇಳೀತೀರಾ? ನಿಮಗೆ ವ್ಯಾನಲ್ಲಿ ಜಾಗ ಇಟ್ಟಿದಾರೆ."

"ಬೇಡ. ಅದರ ಹಿಂದೆಯೇ ಓಡಿಸು." ಕಿಟಕಿ ಇಳಿಸಿದಳು. "ನೀನು ಹೋಗಪ್ಪ," ಎಂದಳು ಗುಜರಿಯವನಿಗೆ. ಅವನು ಹಗ್ಗ ಸುತ್ತತೊಡಗಿದ.

ದೊಡ್ಡ ಸಿಗ್ನಲ್ಲಿನಲ್ಲಿ ವ್ಯಾನು ನಿಂತಿತು, ಅದರ ಹಿಂದೆ ಕಾರೂ ನಿಂತಿತು. ಮಟಮಟ ಬಿಸಿಲು. ಗ್ಯಾಸಪ್ಪನ ಬೆವರು ಸ್ಟೇರಿಂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಚಪ್ಪಲಿ ಕಳಚಿ, ಬರಿಗಾಲನ್ನು ಕೆಳಗಿನ ಗಾಳಿಕಿಂಡಿಗೆ ಒತ್ತಿಟ್ಟಳು.