ಬೋರ್ಡಿನ ಹುಡುಗಿಯನ್ನು ನೋಡಲು ಹೊರಟ ದಿನ

ಸಂತ ಲೂಚಿಯಾಳ ಹಬ್ಬದ ದಿನ ಪಲೆರ್ಮೊದಲ್ಲಿ ಯಾರೂ ಬ್ರೆಡ್ಡು ಮುಟ್ಟುವುದಿಲ್ಲ, ಪಾಸ್ತಾ ಬೇಯಿಸುವುದಿಲ್ಲ. ಕಣ್ಣು ಕಾಯುವ ತಾಯಿ ಅವಳು. ಕಣ್ಣು ನೆಟ್ಟಗಿರುವವರೇ ಅಷ್ಟು ಹೆದರುವಾಗ ನನ್ನಂಥವಳು ಇನ್ನೆಷ್ಟು ಹೆದರಬೇಕು. ಕಳೆದ ಡಿಸೆಂಬರಿನಲ್ಲಿ ಹಬ್ಬದ ಮರುವಾರವೇ ನನ್ನ ಕಣ್ಣಿನ ಆಪರೇಷನ್ ಇತ್ತು. "ಮಾಡಿದ್ರೆ ಉಳಿದಿರೋದೂ ಹೋಗ್ಬಹುದು, ಮಾಡದಿದ್ರಂತೂ ಹೋಗೇ ಹೋಗುತ್ತೆ," ಎಂದಿದ್ದರು ಡಾಕ್ಟರು. ನನಗಾಗ ನಡುಹಗಲ ಬಿಸಿಲಿನಲ್ಲಿ ಮಾತ್ರ ಕಾಣುತ್ತಿತ್ತು, ಅದೂ ಸ್ವಲ್ಪ ಹೊತ್ತು. ಆಮೇಲೆ ನೀರು ಸುರಿದು ಎಲ್ಲ ಕಲಸಿಹೋಗುತ್ತಿತ್ತು.

ಆ ಸ್ವಲ್ಪ ಹೊತ್ತನ್ನು ಯಾವುದಕ್ಕೆ ಮೀಸಲಿಡಬೇಕೆಂದು ನಾನು ತೀರ್ಮಾನ ಮಾಡಿಯಾಗಿತ್ತು. ಕಾಲ್ಸಾ ಕೇರಿಯ ಒಂದು ಮಿಠಾಯಿ ಅಂಗಡಿಯ ಬಾಗಿಲ ಮೇಲೆ ಮರದ ಬೋರ್ಡಿತ್ತು. ಅದನ್ನು ಬರೆದವನು ನನ್ನ ಗಂಡ ಒನೊಫ್ರಿಯೊ. ಬುಟ್ಟಿ ಹಿಡಿದು ನಿಂತ ಒಬ್ಬ ಹುಡುಗಿ. ಆ ಹುಡುಗಿ ನಾನೇ, ಮದುವೆಗೆ ಮುಂಚಿನ ನಿನ್ಫಾ. ಅವನು ಹೋಗಿ ಬಹಳ ವರ್ಷವಾಯಿತು. ಊರ ತುಂಬ ಅವನು ಬರೆದದ್ದೆಲ್ಲ ಹೊಸ ಬಣ್ಣದಡಿಗೆ ಹೋಗಿ ಅದೊಂದು ಉಳಿದಿತ್ತು. ಅವನ ಕೈಕೆಲಸವನ್ನು ಕಣ್ತುಂಬ ನೋಡಿ ಆಮೇಲೆ ಆಸ್ಪತ್ರೆಗೆ ಹೋಗೋಣವೆಂದುಕೊಂಡೆ.

ಕರೆದೊಯ್ಯಲು ತಮ್ಮ ಬಲ್ದಸ್ಸಾರೆ ಇದ್ದ. ಆಯಸ್ಸೆಲ್ಲ ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು, ಆಗ ತಾನೇ ರಿಟೈರಾಗಿ ನನ್ನ ಮನೆಗೇ ಬಂದು ಸೇರಿದ್ದ. ನಡುವೆ ವರ್ಷಗಟ್ಟಲೆ ಅವನ ದನಿ ಫೋನಿನಲ್ಲಿ ಕೇಳಿದ್ದೇ ಹೊರತು ಮುಖ ಕಂಡದ್ದಿಲ್ಲ. ಅವನು ಬರುವಷ್ಟರಲ್ಲಿ ನನ್ನ ಕಣ್ಣಿಗೆ ಮನೆಯೊಳಗೆ ಮನುಷ್ಯರು ಬರೀ ನೆರಳಾಗಿದ್ದರು.

ಹಬ್ಬದ ದಿನ ಬೆಳಿಗ್ಗೆ, ಕಣ್ಣು ದಣಿಯಬಾರದೆಂದು ಕಪ್ಪು ಕನ್ನಡಕ ಹಾಕಿಕೊಂಡು, ಅವನ ತೋಳು ಹಿಡಿದು ಹೊರಟೆ.

"ಸೀದಾ ಕಾಲ್ಸಾಕ್ಕೆ ನಡಿ," ಎಂದೆ.

"ಹಬ್ಬದ ದಿನ ಬರೀ ಹೊಟ್ಟೇಲಿ ಯಾರಾದ್ರೂ ಹೋಗ್ತಾರಾ ಅಕ್ಕಾ? ಬಲ್ಲರೊ ಸಂತೆ ಮೇಲೆ ಹೋಗೋಣ."

ಸಂತೆಗೆ ಕಾಲಿಟ್ಟರೆ ಕರಿದ ಎಣ್ಣೆಯ ಘಮ. ಕಡಲೆಹಿಟ್ಟಿನ ಪನೆಲ್ಲೆ ಕರಿಯುವ ಸವೆರಿಯೊನ ಮುಂದೆ ಸಾಲೋ ಸಾಲು. ಬಲ್ದಸ್ಸಾರೆಗೆ ಸರದಿಯಲ್ಲಿ ನಿಂತು ಅಭ್ಯಾಸವಿಲ್ಲ, ಅವತ್ತು ಮಾತ್ರ ಹಸುವಿನ ಹಾಗೆ ನಿಂತ. ಸರದಿ ಬಂದಾಗ ಏನು ಹೇಳಿದ ಗೊತ್ತೇ?

"ಎರಡು ಕೊಡಪ್ಪಾ, ಬ್ರೆಡ್ಡಲ್ಲಿಟ್ಟು."

ಹಿಂದೆ ಸಾಲಿನಲ್ಲಿ ಯಾರೋ, "ಅಯ್ಯೋ ತಾಯೀ," ಎಂದರು.

"ಏನಂದೆ?" ಎಂದ ಸವೆರಿಯೊ. "ಇವತ್ತು ಬ್ರೆಡ್ಡಾ? ಅದೂ ಅಕ್ಕನ್ನ ಪಕ್ಕದಲ್ಲಿಟ್ಕೊಂಡು?"

"ಹಡಗಲ್ಲಿದ್ದು ಇವನಿಗೆ ದೇವ್ರು ದಿಂಡ್ರು ಎಲ್ಲ ಮರ್ತೋಗಿದೆ," ಎಂದು ನಾನು ಅವನ ತೋಳು ಚಿವುಟಿದೆ. "ತಲೆ ಎಲ್ಲಿಟ್ಟಿದೀಯೋ? ನನ್ನ ಕಣ್ಣಿಗೆ ನೀನೇ ಮಣ್ಣು ಹಾಕ್ತೀಯಲ್ಲೋ."

ಜನ ನಕ್ಕರು. ಅವನು ನಗಲಿಲ್ಲ. ಕಾಗದದಲ್ಲಿ ಸುತ್ತಿ ಕೊಡುತ್ತಾ ಸವೆರಿಯೊ, "ಇವ್ನ ಮುಖ ನೋಡಿದ್ರಾ ನಿನ್ಫಮ್ಮಾ? ಮೀಸೆ ಬಿಟ್ಟು ಥೇಟ್ ನಿಮ್ಮಪ್ಪನ ಹಾಗೇ ಆಗಿದಾನೆ," ಎಂದ.

"ಇವನ್ನೇನು ನೋಡೋದು, ಮನೇಲೇ ಬಿದ್ದಿರ್ತಾನೆ," ಎಂದುಬಿಟ್ಟೆ ನಾನು. ಕನ್ನಡಕ ತೆಗೆಯಲಿಲ್ಲ.

ಅಲ್ಲಿಂದ ಮಾಕ್ವೆದಾ ಬೀದಿಯಲ್ಲಿ ಕಾಫಿ ಆಯಿತು. ಹಿಂದಿನ ಪರಿಚಯದ ನಾವಿಕನೊಬ್ಬ ಸಿಕ್ಕ. ಅವರಿಬ್ಬರ ಮಾತು ಮುಗಿಯಲೇ ಇಲ್ಲ. ಆಮೇಲೆ ಅನ್ನದುಂಡೆಯೊಳಗೆ ಖೈಮಾ ತುಂಬಿ ಕರಿಯುವ ಅರಂಚೀನಾ ತಿನ್ನಬೇಕೆಂದ. ಒಂದು ಕಡೆ ತಿಂದು, ಇದು ಸರಿಯಿಲ್ಲ, ಚರ್ಚಿನ ಹಿಂದಿನವನು ಚೆನ್ನಾಗಿ ಮಾಡುತ್ತಾನೆ ಎಂದು ಅಲ್ಲಿಗೂ ಎಳೆದ. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಗಿತ್ತು. ಬಿಸಿ ಅನ್ನ ಬಾಯಿ ಸುಡುತ್ತಿತ್ತು, ಕೇಸರಿಯ ಪರಿಮಳ, ಸುತ್ತ ಜನರ ಗಲಾಟೆ. ಗಂಡ ಸತ್ತ ಮೇಲೆ ಹಾಗೆ ಬೀದಿ ಅಲೆದು ತಿಂದದ್ದೇ ಇಲ್ಲ. ಆದರೂ ಮೈಮೇಲಿನ ಬಿಸಿಲು ಕುತ್ತಿಗೆಯಿಂದ ಭುಜಕ್ಕೆ ಜಾರುತ್ತಿರುವುದು ತಿಳಿಯುತ್ತಿತ್ತು.

"ಹೊತ್ತಾಗ್ತಿದೆ ಕಣೋ."

"ಆಯ್ತು ಅಕ್ಕಾ, ಒಂದ್ಬಟ್ಟಲು ಕುಚ್ಚೀಯಾ ತಿಂದ್ಬಿಡೋಣ. ಹಬ್ಬದ ಸಿಹಿ, ಬಿಡೋಕಾಗುತ್ತಾ?"

ಬೇಯಿಸಿದ ಗೋಧಿಗೆ ಸಿಹಿ ಗಿಣ್ಣು ಕಲಸಿದ ಆ ಕುಚ್ಚೀಯಾವನ್ನು ಅವನು ಒಂದೊಂದೇ ಕಾಳು ಎಣಿಸುವವನಂತೆ ತಿಂದ. ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿಸಿಕೊಳ್ಳುತ್ತಾ ನನಗೆ ರೇಗಿಹೋಯಿತು.

"ಎದ್ದೇಳೋ ಹೊಟ್ಟೆಬಾಕ. ನಾನು ಊಟಕ್ಕೆ ಬಂದಿಲ್ಲ," ಎಂದು ನಾನೇ ಗೋಡೆ ಸವರಿಕೊಂಡು ಮುಂದೆ ಹೊರಟೆ.

ಕಾಲ್ಸಾ ತಲುಪುವ ಹೊತ್ತಿಗೆ ಬಿಸಿಲು ಹೋಗಿ, ಸಮುದ್ರದ ಕಡೆಯಿಂದ ಚಳಿ ಬೀಸುತ್ತಿತ್ತು. ಕನ್ನಡಕ ತೆಗೆದೆ. ಬೂದಿ ಬಣ್ಣ ಬಿಟ್ಟರೆ ಏನೂ ಇಲ್ಲ. ಕತ್ತೆತ್ತಿ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ.

"ಎಲ್ಲೋ?"

"ನೇರ ಮೇಲೆ ಅಕ್ಕಾ. ಇದೆ. ಹಾಗೇ ಇದೆ. ಬುಟ್ಟಿ ಹಿಡ್ಕೊಂಡಿದೀಯ, ನಗ್ತಿದೀಯ." ಅವನೇ ನನ್ನ ಗಲ್ಲ ಹಿಡಿದು ಮೇಲೆತ್ತಿದ.

ಅಂಗಡಿ ಬಾಗಿಲ ಬಳಿ ನೆಲ ಗುಡಿಸುತ್ತಿದ್ದ ಹೆಂಗಸು ಕೇಳಿಸಿಕೊಂಡಳು. "ಏನ್ ನೋಡ್ತಿದೀರಮ್ಮಾ? ಹಳೇ ಬೋರ್ಡಾ? ಹುಳ ಹಿಡಿದು ಉದುರ್ತಿತ್ತು, ತೆಗ್ಸಿ ಬಹಳ ದಿನ ಆಯ್ತು. ನಿನ್ನೆ ಇವ್ರಿಗೂ ಹೇಳಿದ್ನಲ್ಲ."

ಬಲ್ದಸ್ಸಾರೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. "ದಾರಿ ನೋಡ್ಕೊಂಡು ಹೋಗೋಣ ಅಂತ ನಿನ್ನೆ ಬಂದಿದ್ದೆ. ನಿಂಗೆ ಹೇಳೋಕೆ ಬಾಯೇ ಬರ್ಲಿಲ್ಲ ಅಕ್ಕಾ. ಕತ್ತಲಾದ್ಮೇಲೆ ಕರ್ಕೊಂಡು ಬಂದು, ಇದೆ ಅಂದ್ಬಿಟ್ರೆ ನಿನ್ನ ಮನಸ್ಸಿಗೆ ಸಮಾಧಾನ ಆಗುತ್ತೆ ಅಂತ..."

ಬೋರ್ಡಿಗಾಗಿ ನನಗೆ ಅಳು ಬರಲಿಲ್ಲ. ಮರ, ಹುಳ ತಿಂತು. ಅವನ ದನಿಯ ಕಡೆಗೆ ತಿರುಗಿದೆ.

"ಬೆಳಿಗ್ಗೆ ಒಂದು ಮಾತು ಹೇಳಿದ್ರೆ," ಎಂದೆ, "ಆ ಬಿಸಿಲಲ್ಲಿ ನಿನ್ನ ಮುಖಾನಾದ್ರೂ ನೋಡ್ಕೊಂಡಿರ್ತಿದ್ನಲ್ಲೋ."

ಅವನು ನನ್ನನ್ನು ಬೀದಿದೀಪದ ಕೆಳಗೆ ಎಳೆದೊಯ್ದು ಮುಖವನ್ನು ನನ್ನ ಮುಖದ ಹತ್ತಿರ ತಂದು ನಿಂತ. "ಈಗ ನೋಡು. ಕಾಣುತ್ತಾ?" ಎಂದ. ಹಳದಿ ಬೆಳಕಿನಲ್ಲಿ ಒಂದು ಕಪ್ಪು ಗುಂಡು, ಅಷ್ಟೇ. ಮರುದಿನದಿಂದ ಮಳೆ ಹಿಡಿಯಿತು, ಆಸ್ಪತ್ರೆಗೆ ಹೋಗುವವರೆಗೂ ಬಿಸಿಲೇ ಬರಲಿಲ್ಲ.

ಆಪರೇಷನ್ ಕೈಕೊಟ್ಟಿತು. ಈಗ ಅವನೇ ಅಡುಗೆ ಮಾಡಿ ಬಡಿಸುತ್ತಾನೆ, ನಾನು ಉಪ್ಪಿಲ್ಲ ಖಾರವಿಲ್ಲ ಎಂದು ಬೈಯುತ್ತೇನೆ. ಒಮ್ಮೊಮ್ಮೆ ಊಟ ಮಾಡುತ್ತಾ ಕೇಳುತ್ತಾನೆ, "ನನ್ನ ಮುಖ ನೆನಪಿದೆಯಾ ಅಕ್ಕಾ?" ಇಲ್ಲದೆ ಏನು, ತಿನ್ನು ಸುಮ್ಮನೆ, ಎನ್ನುತ್ತೇನೆ. ಆ ಬೋರ್ಡಿನ ಹುಡುಗಿ ನನಗೆ ಇವತ್ತಿಗೂ ಕಾಣುತ್ತಾಳೆ, ಅವಳ ಬುಟ್ಟಿಯಲ್ಲಿ ಏನಿತ್ತೆಂದೂ ಹೇಳಬಲ್ಲೆ. ಎದುರಿಗೇ ಕೂತು ಉಣ್ಣುವ ನನ್ನ ತಮ್ಮನ ಮುಖ ಮಾತ್ರ ಎಷ್ಟು ಯೋಚಿಸಿದರೂ ಕಣ್ಣಿಗೆ ಬರುವುದಿಲ್ಲ.